ಟೇಲರ್ ಹಂಪೇಶ್ ತೆಗೆದ ಬಿ.ಪಿ. ಅಳತೆ

ಕೊಟ್ಟೂರಿನ ಟೇಲರ್ ಹಂಪೇಶ್ ಬಳ್ಳಾರಿಯಿಂದ ಬ್ಯಾಟರಿ ಬಿ.ಪಿ. ಮಷಿನ್ ತಂದವನೇ ಘೋಷಿಸಿಬಿಟ್ಟ: "ಇವತ್ತಿನಿಂದ ಈ ಮನಿ ರಕ್ತದ ಜವಾಬ್ದಾರಿ ನಂದು!"

"ರಕ್ತ ನೀವು ನೋಡ್ರಿ. ರೇಶನ್ ಯಾರು ತರ್ತಾರ?" ಎಂದಳು ಹೆಂಡತಿ ಪುಷ್ಪಲತಾ.

ಮೊದಲ ಗಿರಾಕಿ, ಐದನೇ ಕ್ಲಾಸಿನ ಮಗಳು ಸುಕನ್ಯಾ. ದೊಡ್ಡವರ ಪಟ್ಟಿ ಅವಳ ತೋಳಿಗೆ ಎರಡು ಸುತ್ತು ಬಂತು. ಮಷಿನ್ ಗುರುಗುಟ್ಟಿ, ತೊಂಬತ್ತು-ಐವತ್ತೈದು ಎಂದಿತು. ಪೆಟ್ಟಿಗೆಯ ಚೀಟಿಯಲ್ಲಿ ಸರಿಯಾದ ಅಳತೆ ನೂರಿಪ್ಪತ್ತು-ಎಂಬತ್ತು ಎಂದಿತ್ತು. ಹಂಪೇಶ್ ಅಳತೆ ಪುಸ್ತಕ ತೆಗೆದು ಮಗಳ ಎದೆ, ಭುಜ, ಸೊಂಟದ ಅಳತೆಗಳ ಕೆಳಗೆ ಬರೆದುಕೊಂಡ: 'ಬಿ.ಪಿ., ಮೂವತ್ತು ಕಮ್ಮಿ.'

"ಶನಿವಾರ ಕೂಡ್ಲಿಗಿ ಖೋ-ಖೋ ಬಂದ್!"

"ಅಪ್ಪಾಜಿ, ತಾಲ್ಲೂಕು ಮ್ಯಾಚು! ನಾನಿಲ್ದಿದ್ರ ಟೀಮಿಗೆ ಎಂಟೇ ಮಂದಿ!"

"ನೂರಿಪ್ಪತ್ತು ಆಗ್ಲಿ, ಆಮ್ಯಾಲೆ ಓಡು."

ಬಿ.ಪಿ. ಏರಿಸಲು ಉಪ್ಪಿನ ಅಭಿಯಾನ ಶುರುವಾಯಿತು. ಬೆಳಿಗ್ಗೆ ಉಪ್ಪಿನಕಾಯಿ, ಮಧ್ಯಾಹ್ನ ಉಪ್ಪುಮಜ್ಜಿಗೆ, ಸಂಜೆ ಮಂಡಕ್ಕಿ-ಮಿರ್ಚಿ. ಮಗಳು ಒಬ್ಬಳೇ ತಿಂದರೆ ಬೇಜಾರಾದೀತೆಂದು ತಂದೆಯೂ ಜೊತೆಗೆ ಕೂತ. ರೋಗಿಗೆ ಎರಡು ಮಿರ್ಚಿ, ಜೊತೆಗೆ ಕೂತವನಿಗೆ ಆರು. ನಾಲ್ಕು ದಿನದ ತಪಸ್ಸಿಗೆ ಮಷಿನ್ ಕೊಟ್ಟ ವರ: ತೊಂಬತ್ತೆರಡು! ಹಂಪೇಶ್ ಮಷಿನ್ ಮೇಲೆ ಕೂಗಾಡಿದ, ಹೆಂಡತಿ ಮೇಲೆ ಕೂಗಾಡಿದ, ಹೊಲಿಯುತ್ತಿದ್ದ ಅಂಗಿಯ ಗುಂಡಿಯನ್ನೂ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಸುಕನ್ಯಾ ಆಟದ ಬಟ್ಟೆ ಹಾಕಿಕೊಂಡು ಹೊಸ್ತಿಲಲ್ಲಿ ಅಳುತ್ತ ಕೂತಳು. ಪುಷ್ಪಲತಾಳ ತಾಳ್ಮೆಯ ಕಟ್ಟೆ ಒಡೆಯಿತು.

"ರೀ, ಹತ್ತು ವರ್ಷದ ಹುಡುಗಿಗೆ ನಿಮ್ಮ ಅಳತಿ ಅಂಗಿ ಹೊಲೀತೀರೇನು?"

"ಹುಚ್ಚಿ! ಭುಜ ಮೊಣಕೈಗೆ ಬರ್ತೈತಿ."

"ಮತ್ತ ಅಕಿ ರಕ್ತಕ್ಯಾಕ ನಿಮ್ಮ ಅಳತಿ? ನಡೀರಿ ಡಾಕ್ಟರ್ ಹತ್ರ. ಒಂಬತ್ತಕ್ಕ ಟೀಮಿನ ಟೆಂಪೊ ಐತಿ!"

ಡಾಕ್ಟರು ಮಕ್ಕಳ ಸಣ್ಣ ಪಟ್ಟಿ ಕಟ್ಟಿದರು. ನೂರು-ಅರವತ್ನಾಲ್ಕು.

"ಈ ವಯಸ್ಸಿಗೆ, ಈ ಎತ್ತರಕ್ಕ ಸರಿಯಾಗೈತಿ. ಮಕ್ಕಳದು ನಮಗಿಂತ ಕಮ್ಮೀನ ಇರ್ತೈತ್ರಿ, ಬೆಳದಂಗ ಏರ್ತೈತಿ. ದೊಡ್ಡ ಪಟ್ಟಿ ಕಟ್ಟಿದ್ರ ಇನ್ನೂ ಕಮ್ಮಿ ತೋರಸ್ತೈತಿ. ಉಪ್ಪು ನಿಲ್ಲಸ್ರಿ."

ಮಾತು ಮುಗಿಯುವ ಮೊದಲೇ ಸುಕನ್ಯಾ ಟೆಂಪೊ ಕಡೆ ಓಡಿದ್ದಳು.

"ನಾನೂ ಹೊಂಟೆ, ಮಗಳ ಆಟ ನೋಡಾಕ!" ಹಂಪೇಶ್ ಎದ್ದ.

ಡಾಕ್ಟರು ಅವನ ಕೆಂಪು ಮುಖ ನೋಡಿದರು. "ಕೈ ಚಾಚ್ರಿ." ನೂರೆಪ್ಪತ್ತು-ನೂರಾನಾಲ್ಕು. ಸ್ವಲ್ಪ ಕೂರಿಸಿ ಮತ್ತೆ ನೋಡಿದರು. ಆಗಲೂ ಅಷ್ಟೇ ಬಂತು.

"ಮಗಳು ಆಡಾಕ ಏನೂ ಅಡ್ಡಿ ಇಲ್ಲ," ಎಂದರು ಡಾಕ್ಟರು, ಚೀಟಿ ಬರೆಯುತ್ತ. "ನೀವು ಮಾತ್ರ ನೋಡಾಕ ಹೋಗಬ್ಯಾಡ್ರಿ."