ನಮ್ಮ ಓಣಿಗೆ ‘ಮೈಸೆಲ್ಫ್’ ಬಂದದ್ದು

ಬಾಯಿಂದ ಬಾಯಿಗೆ ಹೋಗುವಂಥ ಪ್ರಸಂಗಗಳು ಬೇರೆ ಓಣಿಯಲ್ಲಿ ವರ್ಷಕ್ಕೊಂದು ನಡೆದರೆ ಹೆಚ್ಚು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಮಾತ್ರ ದಿನಾ ಬೆಳಿಗ್ಗೆ ಹಾಲಿನವನಿಗಿಂತ ಮೊದಲೇ ಒಂದು ಬಂದು ಕಟ್ಟೆಯ ಮೇಲೆ ಕೂತಿರುತ್ತದೆ. ನಾನು ಮೂರನೇ ಕ್ಲಾಸಿಗೇ ಸಾಲಿ ಬಿಟ್ಟವಳು. ಬರೆಯುವುದು ಅಷ್ಟಕ್ಕಷ್ಟೆ, ನೋಡುವುದರಲ್ಲಿ ಮಾತ್ರ ನನ್ನನ್ನು ಯಾರೂ ಫೇಲು ಮಾಡಿಲ್ಲ.

೧. ಬಾಡಿಗಿ ಮನಿ

ನಮ್ಮ ಓಣಿಗೆ ಹೊಸದಾಗಿ ಬಂದ ಟೀಚರಮ್ಮ ಹರಪನಹಳ್ಳಿ ಕಡೆಯಾಕಿ. ಮೂವತ್ತರ ಆಸುಪಾಸು. ಗಂಡನ್ನ ಬಿಟ್ಟು ಬಂದಾಳೋ, ಗಂಡನೇ ಬಿಟ್ಟಾನೋ, ಮದುವೆಯೇ ಆಗಿಲ್ಲವೋ ಎಂದು ತಿಳಿಯಲು ನನಗೆ ಹನ್ನೊಂದು ದಿನ ಹಿಡಿಯಿತು. ಮದುವೆಯೇ ಆಗಿಲ್ಲ. ಮುಂಚೆ ಇಂಥದ್ದಕ್ಕೆ ನನಗೆ ಎರಡು ದಿನ ಸಾಕಿತ್ತು.

ನಮ್ಮ ಮನಿ ಗೋಡೆಗೆ ಅಂಟಿಕೊಂಡ ಮನಿ ಶೇಂಗಾ ದಲ್ಲಾಳಿಯದು. ಅದನ್ನು ಬಾಡಿಗಿಗೆ ಕೇಳಲು ಆಕೆ ಬಂದಾಗ ನಾನು ಅಲ್ಲೇ ಇದ್ದೆ.

“ಯಾರ ಕೂಡ ಬಂದೀಯವ್ವಾ?” ಅಂದ ದಲ್ಲಾಳಿ.

“ಒಬ್ಬಾಕಿನೇ ಬಂದೀನ್ರಿ.”

“ಅಲ್ಲ, ಯಾರ ಕಡಿಂದ?”

“ನನ್ನ ಕಡಿಂದನೇ ರೀ.”

“ಮನ್ಯಾಗ ಯಾರ‍್ಯಾರು ಇರೋರು?”

“ನಾನೇ ರೀ.”

ದಲ್ಲಾಳಿಗೆ ಬೆವರು ಬಂತು. ನಮ್ಮಲ್ಲಿ ಮನಿ ಕೇಳಲು ಬಂದವರ ಹಿಂದೆ ಯಾರಾದರೂ ನಿಂತು ‘ನಮ್ಮವರು, ಕೊಡ್ರಿ’ ಅನ್ನಬೇಕು. ಈಕೆಯ ಹಿಂದೆ ಬರೀ ಬಿಸಿಲು ನಿಂತಿತ್ತು.

“ಕೊಡ್ತೀನಿ. ಆದ್ರ ನಿನ್ನ ಮ್ಯಾಲ ಒಂದು ಮಾತು ಬಂತಂದ್ರ ಅವತ್ತೇ ಖಾಲಿ. ಖರೇನೋ ಸುಳ್ಳೋ ನಾನು ಕೇಳಂಗಿಲ್ಲ.”

ಪಡಸಾಲಿಯಲ್ಲಿ ಸಂಜೆ ಇಂಗ್ಲಿಷ್ ಮಾತಾಡುವುದನ್ನು ಕಲಿಸಿ ಹೊಟ್ಟೆ ಹೊರೆಯುವಾಕಿ ಆಕೆ. ಮನಿ ಹೋದರೆ ಅನ್ನ ಹೋದಂತೆ. ಆದರೂ ಒಪ್ಪಿದಳು, ಪಾಪ. ಗೋಡೆಯ ಈ ಕಡೆ ಯಾರಿದ್ದಾರೆ ಅಂತ ಆಕೆಗೆ ಯಾರೂ ಹೇಳಿರಲಿಲ್ಲ.

೨. ಮೋಟರು ಸುಟ್ಟದ್ದು

ಪಾಠ ಶುರುವಾದ ಮೇಲೆ ನಾನೂ ಸಂಜೆ ತೊಗರಿ ಹಸನು ಮಾಡುವ ನೆವದಲ್ಲಿ ಮೊರ ಹಿಡಿದು ಆಕೆಯ ಕಟ್ಟೆಗೆ ಹೋಗಿ ಕೂಡತೊಡಗಿದೆ. ಒಂದು ದಿನ ಆಕೆ ಹೇಳಿಕೊಟ್ಟದ್ದು ಇದು: ಇಂಗ್ಲಿಷಿನವರು ‘ಮಾಡಿದೆ’ ಅಂದರೆ ಸಾಲದು. ಒತ್ತಿ ಹೇಳಬೇಕಾದರೆ ‘ಬೈ ಮೈಸೆಲ್ಫ್’ ಅಂತ ಹಿಂದೆ ಹಚ್ಚಬೇಕು. ಯಾರ ಕೈಯೂ ಇಲ್ಲದೆ ನಾನೇ ಮಾಡಿದೆ ಅಂತ ಅರ್ಥ. ‘ಫಾರ್ ಮೈಸೆಲ್ಫ್’ ಅಂದರೆ ನನಗೆ ಅಂತಲೇ. ‘ಟು ಮೈಸೆಲ್ಫ್’ ಅಂದರೆ ನನ್ನಷ್ಟಕ್ಕೇ.

“ಇಷ್ಟು ಸಲ ನಾನು ನಾನು ಅಂದ್ರ ಅತ್ತಿ ಮನ್ಯಾಗ ಇಟ್ಕೊಂತಾರೇನವ್ವಾ?” ಅಂದೆ.

“ಅದಕ್ಕೇ ಅಜ್ಜಿ, ನಾನು ಬಾಡಿಗಿ ಮನ್ಯಾಗ ಅದೀನಿ” ಅಂದಳು. ನನ್ನ ಮಾತಿಗೆ ತಿರುಗಿ ಮಾತು ಬಂದು ಬಹಳ ವರ್ಷ ಆಗಿತ್ತು. ಕಲ್ಲು ಆರಿಸುವುದು ಬಿಟ್ಟು ಆಕೆಯ ಮುಖ ನೋಡಿದೆ.

ಆ ಪಾಠಕ್ಕೆ ಮೋಟರ್ ವೈಂಡಿಂಗ್ ಮಾಡುವ ಸಾಬರೂ ಬರುತ್ತಿದ್ದರು. ಅರವತ್ತು ದಾಟಿದವರು. ಈ ವಯಸ್ಸಿನಲ್ಲಿ ಯಾಕೆ ಅಂತ ಕೇಳಿದರೆ, “ಮೊಮ್ಮಗಳು ಇಂಗ್ಲಿಷಿನಾಗ ಬೈತಾಳಮ್ಮಾ. ಏನು ಬೈತಾಳ ತಿಳೀಬೇಕಲ್ಲ” ಅಂದರು. ಮೋಟರು ಚೆನ್ನಾಗಿ ಓಡಿದಾಗ ಯಾರು ಹೊಗಳಿದರೂ “ಎಲ್ಲಾ ಉಸ್ತಾದರ ದುಆ” ಅಂತ ಗುರುವಿನ ಆಶೀರ್ವಾದಕ್ಕೆ ಹಚ್ಚುವುದು ಅವರ ರೂಢಿ. ಟೀಚರಮ್ಮ, “ಹಂಗಲ್ಲ ಸಾಬರೇ, ಬೈ ಮೈಸೆಲ್ಫ್ ಅನ್ರಿ. ನಿಮ್ಮ ಕೈಕೆಲಸ ಅದು” ಅಂತ ಕಲಿಸಿದಳು. ಮರುದಿನವೇ ಕೂಡ್ಲಿಗಿ ಕಡೆಯ ರೈತನೊಬ್ಬನಿಗೆ ಸಾಬರು ಮೋಟರು ಕೊಟ್ಟು, ಎದೆ ಮುಟ್ಟಿಕೊಂಡು “ಬೈ ಮೈಸೆಲ್ಫ್” ಅಂದರು, ಅರ್ಥವನ್ನೂ ಬಿಡಿಸಿ ಹೇಳಿದರು. ಮೂರನೇ ದಿನ ಮೋಟರು ಸುಟ್ಟಿತು. ರೈತ ಅದನ್ನು ಹೊತ್ತು ತಂದು ಅಂಗಡಿ ಮುಂದೆ ಕುಕ್ಕಿ, “ನಾನೇ ನಾನೇ ಅಂದಿದ್ಯಲ್ಲ, ಈಗ ಅನ್ನು!” ಅಂತ ಓಣಿ ಒಂದು ಮಾಡಿದ.

ಸಂಜೆ ಸಾಬರು ಗಂಭೀರವಾಗಿ ಬಂದು ಕೂತರು. “ಟೀಚರಮ್ಮಾ, ಮೋಟರು ತಾನೇ ಸುಟ್ಟೈತಿ. ಅದಕ್ಕ ಏನನ್ನಬೇಕು?”

“ಬೈ ಇಟ್‌ಸೆಲ್ಫ್ ಅನ್ರಿ. ಅದರಷ್ಟಕ್ಕ ಅದೇ.”

ಸಾಬರು ಹಣೆ ಬಡಿದುಕೊಂಡರು. “ಯಾ ಅಲ್ಲಾ! ಇದನ್ನ ಮೊದಲ್ನೇ ಪಾಠಕ್ಕೇ ಇಡಬೇಕಿತ್ತಲ್ರೀ!”

೩. ಒಂದೇ ಲೋಟ ಚಾ

ನನ್ನ ಸೊಸೆಯೂ ಕಿಟಕಿಯಲ್ಲಿ ನಿಂತು ಕಲಿಯುತ್ತಿದ್ದಳು, ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಮಧ್ಯಾಹ್ನ. ಒಲೆಯ ಮುಂದೆ ನಿಂತು ಒಂದೇ ಒಂದು ಲೋಟ ಚಾ ಕಾಸಿಕೊಂಡು, ನನ್ನ ಎದುರಿಗೇ ಕೂತು ಕುಡಿದಳು.

“ನನಗ?” ಅಂದೆ.

“ಇದು ಫಾರ್ ಮೈಸೆಲ್ಫ್, ಅತ್ತಿ. ನಿಮಗ ಆಮ್ಯಾಲ ಬ್ಯಾರೆ ಮಾಡ್ತೀನಿ.”

ನಮ್ಮ ಮನಿಗಳಲ್ಲಿ ಹೆಂಗಸು ತನಗಂತ ಚಾ ಮಾಡಿಕೊಂಡ ದಾಖಲೆಯೇ ಇಲ್ಲ. ಎಲ್ಲರಿಗೂ ಸೋಸಿ, ಪಾತ್ರೆಯ ತಳದಲ್ಲಿ ಉಳಿದದ್ದು ಆಕೆಯದು. ಇದನ್ನು ಹೋಗಿ ಹೇಳೋಣವೆಂದರೆ ನಮ್ಮದೇ ಮನಿಯ ಮಾತು. ನುಂಗಿಕೊಂಡೆ. ಆದರೆ ಎರಡು ದಿನ ಅದೇ ತಲೆಯಲ್ಲಿ. ಮೂರನೇ ದಿನ ಮನಿಯಲ್ಲಿ ಯಾರೂ ಇಲ್ಲದಾಗ ಬಾಗಿಲು ಹಾಕಿ, ನನಗಂತ ಚಾ ಇಟ್ಟೆ. ಐವತ್ತು ವರ್ಷ ಮನಿಮಂದಿಗೆಲ್ಲ ಚಾ ಮಾಡಿದ ಕೈಗೆ ಒಬ್ಬರ ಅಳತೆ ಎಲ್ಲಿ ಬರಬೇಕು? ಆರು ಲೋಟ ಆಯಿತು. ಚೆಲ್ಲಿದರೆ ಸೊಸೆಗೆ ಗೊತ್ತಾಗುತ್ತದೆ, ಕೊಟ್ಟರೆ ಓಣಿಗೆ ಗೊತ್ತಾಗುತ್ತದೆ. ಆರನ್ನೂ ನಾನೇ ಕುಡಿದು, ಎದೆ ಡವಡವ ಅನ್ನುತ್ತ ಸಂಜೆಯವರೆಗೂ ಗೋಡೆ ನೋಡುತ್ತ ಮಲಗಿದೆ.

೪. ನಮ್ಮ ನಮ್ಮೊಳಗೇ

ಹಾಗೆ ಮಲಗಿದ್ದಾಗಲೇ ಗೋಡೆಯ ಆಚೆ ಗಂಡಸಿನ ದನಿ ಕೇಳಿಸಿತು. ದಪ್ಪ ದನಿ, ಇಂಗ್ಲಿಷು. ಅದಕ್ಕೆ ಟೀಚರಮ್ಮನ ದನಿ ಮರುತ್ತರ ಕೊಡುತ್ತಿತ್ತು. ನಡುವೆ ನಗು. ನನ್ನ ಎದೆಯ ಡವಡವ ಅಲ್ಲೇ ನಿಂತಿತು, ಕಿವಿ ಅಷ್ಟು ಕೆಲಸ ಮಾಡುತ್ತಿತ್ತು.

ಹೂವು ಮಾರುವಾಕಿಗೆ ಮಾತ್ರ ಹೇಳಿದೆ. “ನಮ್ಮ ನಮ್ಮೊಳಗ ಇರಲಿ” ಅಂತಲೂ ಹೇಳಿದೆ. ‘ಕೇಳಿದೆ’ ಅಂತ ನಾನು ಅನ್ನಲಿಲ್ಲ, ‘ಗಂಡಸಿನ ದನಿ ಕೇಳತೈತಿ ಅಂತಾರ’ ಅಂದೆ. ಈ ಕಸುಬಿನಲ್ಲಿ ‘ನಾನು’ ಅನ್ನುವ ಮಾತೇ ಬರಬಾರದು, ಬಂದರೆ ಪಂಚಾಯ್ತಿಗೆ ನಿಲ್ಲಬೇಕಾಗುತ್ತದೆ. ನಮ್ಮ ನಮ್ಮೊಳಗೆ ಅನ್ನುವುದಕ್ಕೂ ಇಂಗ್ಲಿಷಿನಲ್ಲಿ ‘ಬಿಟ್ವೀನ್ ಅವರ್‌ಸೆಲ್ವ್ಸ್’ ಅಂತ ಇದೆಯಂತೆ, ಟೀಚರಮ್ಮನೇ ಮುಂದೆ ಹೇಳಿದಳು. ಹಂಗಾದರೆ ದೊರೆಗಳ ಹೆಂಡಂದಿರೂ ಕಟ್ಟೆಯ ಮೇಲೆ ಕೂಡುತ್ತಿದ್ದರು ಅಂತಾಯಿತು.

ಎಂಟು ದಿನಕ್ಕೆ ಹಡಗಲಿಯಿಂದ ನನ್ನ ತಂಗಿಯ ಫೋನು.

“ಅಕ್ಕಾ, ನಿಮ್ಮ ಓಣ್ಯಾಗ ಟೀಚರಮ್ಮನ ಮನ್ಯಾಗ ಒಬ್ಬ ಬಿಳೇ ದೊರಿ ಅದಾನಂತ! ಎರಡು ಮಕ್ಕಳಂತ!”

“ಹೌದೇನು?”

“ಪಕ್ಕದ ಮನ್ಯಾಗ ಇದ್ದು ನಿನಗ ಗೊತ್ತಿಲ್ಲ? ವಯಸ್ಸಾತು ಬಿಡು ನಿನಗ.”

ನಾನು ಕಳಿಸಿದ್ದು ಬರೀ ಒಂದು ದನಿ. ಕೂಡ್ಲಿಗಿಯಲ್ಲಿ ಅದಕ್ಕೆ ಮೈ ಬಂದಿತ್ತು, ಹಗರಿಬೊಮ್ಮನಹಳ್ಳಿಯಲ್ಲಿ ಬಣ್ಣ ಬಂದಿತ್ತು, ಹಡಗಲಿ ಮುಟ್ಟುವ ಹೊತ್ತಿಗೆ ಮಕ್ಕಳೂ ಆಗಿದ್ದವು.

೫. ಬೀಗ

ಮಾತು ದಲ್ಲಾಳಿಗೂ ಮುಟ್ಟಿತು. ಒಂದು ಮಧ್ಯಾಹ್ನ ಕೈಯಲ್ಲಿ ಬೀಗ ಹಿಡಿದು ಬಂದ. ಹಿಂದೆ ಓಣಿಯೇ ಬಂತು. ಟೀಚರಮ್ಮನ ಬಾಗಿಲು ಮುಂದಕ್ಕೆ ಹಾಕಿತ್ತು. ಒಳಗಿನಿಂದ ಅದೇ ದಪ್ಪ ದನಿ.

ದಲ್ಲಾಳಿ ಬಾಗಿಲು ಬಡಿದ. “ಯಾವನಲೇ ಒಳಗ?”

ಒಳಗಿನ ದನಿ ಸಾವಕಾಶ ಅಂದಿತು: “ವೆರಿ ಗುಡ್! ಸೇ ಇಟ್ ಅಗೇನ್.”

“ಹೊರಗ ಬಾರಲೇ!”

“ಎಕ್ಸಲೆಂಟ್!”

ದಲ್ಲಾಳಿ ನಮ್ಮ ಕಡೆ ತಿರುಗಿದ. ಸಾಲಿಯಲ್ಲಿ ಏಳು ವರ್ಷ ಕೂತರೂ ಅವನಿಗೆ ಯಾರೂ ಎಕ್ಸಲೆಂಟ್ ಅಂದಿರಲಿಲ್ಲ. ಸಿಟ್ಟು ಮುಂದುವರಿಸಬೇಕೋ ಬೇಡವೋ ತಿಳಿಯದೆ ನಿಂತ.

ಅಷ್ಟರಲ್ಲಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಟೀಚರಮ್ಮ ಒದ್ದೆ ಕೈಯಲ್ಲೇ ಬಂದು ಬಾಗಿಲು ತೆರೆದಳು. ಗೂಡಿನಲ್ಲಿ ಫೋನು ಒಂದೇ ಸಮ ಮಾತಾಡುತ್ತಿತ್ತು. ಫೋನಿನೊಳಗಿನ ಇಂಗ್ಲಿಷ್ ಪಾಠವಂತೆ ಅದು. ಅದು ಅನ್ನುತ್ತದೆ, ಈಕೆ ಅದರ ಹಿಂದೆ ಅನ್ನಬೇಕು. ತನ್ನ ನಾಲಿಗಿ ತಪ್ಪಿದರೆ ತಾನೇ ನಗುತ್ತಾಳೆ. ದಲ್ಲಾಳಿ ಮಂಚದ ಕೆಳಗೂ ಬಗ್ಗಿ ನೋಡಿದ. ದೊರೆಯೂ ಇಲ್ಲ, ಮಕ್ಕಳೂ ಇಲ್ಲ.

“ಗಂಡಸು ಇಲ್ಲ, ಖರೆ” ಅಂದ. “ಆದ್ರ ಮಾತು ಬಂತಲ್ಲವ್ವಾ. ಮಾತು ಬಂದ್ರ ಖಾಲಿ ಅಂದಿದ್ದೆ. ಊರ ಬಾಯಿ ನಾನು ಕಟ್ಟಾಕ ಆಗಂಗಿಲ್ಲ.”

“ಯಾರು ಅಂದ್ರು, ಕೇಳ್ರಿ” ಅಂದಳು ಆಕೆ.

“ಯಾರು ಅಂದ್ರೋ?” ಅಂತ ದಲ್ಲಾಳಿ ಓಣಿಯನ್ನು ಕೇಳಿದ.

“ಅಂತಾರ ರೀ” ಅಂದಿತು ಓಣಿ. “ಊರು ಅಂತೈತಿ.”

ಟೀಚರಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಪಡಸಾಲಿಯ ಕರಿಹಲಗೆಯನ್ನು ಮೊಳೆಯಿಂದ ಕೆಳಗಿಳಿಸತೊಡಗಿದಳು. ಹಲಗೆ ಭಾರ, ಒಂದು ಕಡೆ ಜಾರಿತು. ಯಾರೂ ಕೈ ಹಚ್ಚಲಿಲ್ಲ. ನನ್ನ ಮಾತಿನಿಂದ ಏನಾಗುತ್ತದೆ ಅಂತ ಇಷ್ಟು ವರ್ಷದಲ್ಲಿ ನಾನು ಹತ್ತಿರ ನಿಂತು ನೋಡಿರಲಿಲ್ಲ. ಅದು ಯಾವಾಗಲೂ ಬೇರೆ ಓಣಿಯಲ್ಲಿ ಆಗುತ್ತಿತ್ತು.

“ಊರಲ್ಲ ತಮ್ಮಾ, ನಾನು” ಅಂದೆ.

“ಏನು ನೀನು?”

“ಆ ಮಾತು ಹುಟ್ಟಿಸಿದಾಕಿ. ಗ್ವಾಡಿಗಿ ಕಿವಿ ಹಚ್ಚಿದ್ದು ನಾನು, ಹೂವಿನಾಕಿಗೆ ಹೇಳಿದ್ದೂ ನಾನು.”

“ನೀನೊಬ್ಬಾಕಿನೇ?”

“ಒಬ್ಬಾಕಿನೇ.”

ದಲ್ಲಾಳಿ ನನ್ನ ಮುಖ ನೋಡಿದ, ನಕ್ಕ, ಬೀಗವನ್ನು ಅಂಗಿಯ ಜೇಬಿಗಿಟ್ಟ. “ಅಯ್ಯ ದೊಡ್ಡವ್ವಾ! ನಾನು ಊರಂತ ತಿಳಿದು ಹೆದರಿದ್ದೆ. ನಿನ್ನ ಮಾತಾದ್ರ ಅದು ಮಾತೇ ಅಲ್ಲ ಬಿಡು. ಟೀಚರಮ್ಮಾ, ಹಲಿಗಿ ಮ್ಯಾಲ ಹಾಕವ್ವಾ.”

ಟೀಚರಮ್ಮ ಹಲಗೆ ಮೇಲೆ ಹಾಕಿದಳು. ಓಣಿ ಚದುರಿತು. ಎಲ್ಲ ಅಲ್ಲಿಗೇ ಒಳ್ಳೆಯದಾಗಿ ಮುಗಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ಯಾಕಲೇ,” ಅಂದೆ, “ನನ್ನ ಮಾತಿಗಿ ಒಂದು ಬಾಡಿಗಿ ಮನಿ ಖಾಲಿ ಮಾಡಿಸೋ ತೂಕ ಇಲ್ಲೇನು? ಕಟ್ಟೀ ಮ್ಯಾಲ ಕುಂತು ಮೂರು ಮದುವಿ ಮುರಿದೀನಿ ನಾನು! ನಿನ್ನ ಲಗ್ನ ಎರಡು ವರ್ಷ ತಡ ಆತಲ್ಲ, ಅದು ಯಾರಿಂದ ಅಂತ ತಿಳಿದೀಯಿ?”

ದಲ್ಲಾಳಿಯ ನಗು ನಿಂತಿತು. ಕೈ ಮೆಲ್ಲಗೆ ಬೀಗದ ಜೇಬಿಗೆ ಹೋಯಿತು. ನಾನು ವಾದ ಗೆದ್ದೇಬಿಡುತ್ತಿದ್ದೆ, ಅಷ್ಟರಲ್ಲಿ ಟೀಚರಮ್ಮ ನನ್ನ ಬಾಯಿಗೆ ಕೈ ಒತ್ತಿ, ರಟ್ಟೆ ಹಿಡಿದು ಒಳಗೆ ಎಳೆದುಕೊಂಡು, ಬಾಗಿಲಿಗೆ ಅಗುಳಿ ಹಾಕಿದಳು.