ಬಿಸಿನೀರು, ಫ್ರಿಜ್ಜು ಮತ್ತು ನಮ್ಮತ್ತೆಯ ಕಾಲು

ಭೌತಶಾಸ್ತ್ರ ಓದಿದವರನ್ನು ಅಡುಗೆಮನೆಯೊಳಗೆ ಬಿಟ್ಟುಕೊಳ್ಳಬಾರದು. ಹುಣಸೂರಿನ ಕಾಲೇಜೊಂದರಲ್ಲಿ ಅದೇ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನೇ ಹೇಳುತ್ತಿದ್ದೇನೆ, ನಂಬಿ. ಹಾಲು ಉಕ್ಕಿದರೆ ನಾವು ಒಲೆ ಆರಿಸುವುದಿಲ್ಲ. ಏಕೆ ಉಕ್ಕಿತೆಂದು ವಿವರಿಸುತ್ತೇವೆ.

ಹೋದ ಬೇಸಿಗೆಯಲ್ಲಿ ಹಂಪಾಪುರದಿಂದ ಮಗಳ ಮನೆಗೆಂದು ಬಂದಿದ್ದ ನಮ್ಮತ್ತೆ ಹಿತ್ತಲ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡರು. ಪಾದ ಬನ್ನಿನಂತೆ ಊದಿತು. ಮೂಳೆಗೇನೂ ಆಗಿಲ್ಲ, ಐಸ್ ಇಡಿ ಎಂದರು ಡಾಕ್ಟರು. ಅತ್ತೆಯದು ಹಳೆಯ ಕಾಲದ ಸಂಕೋಚ. ನಮ್ಮ ಮದುವೆಯಾಗಿ ಇಷ್ಟು ವರ್ಷವಾದರೂ ನನ್ನೆದುರು ಕುರ್ಚಿಯಲ್ಲಿ ಕೂತವರಲ್ಲ. ಮಾತೇನಿದ್ದರೂ ಬಾಗಿಲ ಮರೆಯಿಂದ. ಅಂದು ವಿಧಿಯಿಲ್ಲದೆ ಕೂತು, ಸೆರಗಿನಿಂದ ಪಾದ ಮುಚ್ಚಿಕೊಂಡಿದ್ದರು.

ಬೆಳಗ್ಗೆ ಹೋಗಿದ್ದ ಕರೆಂಟು ಆಗತಾನೇ ಬಂದಿತ್ತು. ಫ್ರಿಜ್ಜಿನಲ್ಲಿ ಐಸಿನ ಚೂರೂ ಇರಲಿಲ್ಲ. ಹೆಂಡತಿ ಸುಮ ಟ್ರೇಗೆ ತಣ್ಣೀರು ತುಂಬಿದಳು. "ತಾಳು, ಬಿಸಿನೀರು ಇಡೋಣ. ಕೆಲವು ಸಲ ಅದೇ ಬೇಗ ಗಟ್ಟಿಯಾಗುತ್ತೆ" ಎಂದೆ.

"ಬಿಸೀದು ಮೊದ್ಲು ತಣ್ಣಗಾಗ್ಬೇಕಲ್ವೇನ್ರೀ?"

ಪ್ರಶ್ನೆ ನ್ಯಾಯವಾಗಿತ್ತು. ಬಿಸಿನೀರು ಸ್ವಲ್ಪ ಆವಿಯಾಗಿ ಹೋಗುತ್ತೆ, ಉಳಿದದ್ದು ಒಳಗೊಳಗೇ ಸುತ್ತುತ್ತೆ, ವಿಜ್ಞಾನಿಗಳೇ ಇದರ ಬಗ್ಗೆ ಇನ್ನೂ ಜಗಳವಾಡ್ತಿದ್ದಾರೆ ಎಂದೆಲ್ಲ ಹೇಳಿದೆ. ಕೊನೆಗೆ ರಾಜಿಯಾಯಿತು: ಅವಳ ತಣ್ಣೀರಿನ ಟ್ರೇ ಪಕ್ಕದಲ್ಲಿ ನನ್ನ ಬಿಸಿನೀರಿನ ಟ್ರೇ. ಆದರೆ ಯಾವುದು ಗೆಲ್ಲುವುದೋ ಎಂಬ ಕುತೂಹಲ ತಡೆಯಲಾಗದೆ ಮತ್ತೆ ಮತ್ತೆ ಬಾಗಿಲು ತೆರೆದು ಇಣುಕಿದೆ, ಬೆರಳಿನಿಂದ ಮುಟ್ಟಿದೆ. ಹೊರಗಿನ ಸೆಕೆಯೆಲ್ಲ ಒಳಗೆ ಹೋಯಿತು. ಎರಡೂ ನೀರಾಗಿಯೇ ಉಳಿದವು. ನಡುಮನೆಯಿಂದ ಅತ್ತೆಯ ದನಿ ಬಂತು: "ಅಳಿಯಂದ್ರೇ, ಬಾಗ್ಲು ಮುಚ್ಬುಡಿ. ಇಂಗೆ ನೋಡ್ತಾ ನಿಂತ್ರೆ ನೀರ್ಗೂ ನಾಚ್ಕೆ ಆಯ್ತದೆ."

ಅವರು ನನ್ನೊಡನೆ ಆಡಿದ ಮೊದಲ ತಮಾಷೆ ಅದು. ಅಷ್ಟರಲ್ಲಿ ಕರೆಂಟು ಮತ್ತೆ ಹೋಯಿತು. ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಸುಮಳ ಟ್ರೇಯಲ್ಲಿದ್ದ ತಣ್ಣನೆಯ ನೀರನ್ನು ಬಟ್ಟಲಿಗೆ ಸುರಿದು, ಹಳೆಯ ಪಂಚೆಯ ತುಂಡೊಂದನ್ನು ಅದ್ದಿಕೊಂಡು ಅವರ ಕಾಲ ಬಳಿ ಕೂತೆ.

"ಅಯ್ಯಯ್ಯೋ, ನೀವು ನನ್ ಕಾಲು ಮುಟ್ಟೋದಾ? ಬುಡಿ ಬುಡಿ!"

"ಸುಮ್ನಿರಿ ಅತ್ತೆ. ನಮ್ಮವ್ವ ಇದ್ದಿದ್ರೆ ಅವ್ಳ ಕಾಲು ನಾನು ಮುಟ್ತಿರ್ಲಿಲ್ವಾ?"

ಅತ್ತೆ ಕಿಟಕಿಯತ್ತ ನೋಡಿದರು. ಆಮೇಲೆ ಪಾದದ ಮೇಲಿನ ಸೆರಗನ್ನು ತಾವೇ ಮೆಲ್ಲಗೆ ಸರಿಸಿದರು.

ಬಾವು ಇಳಿದು ಊರಿಗೆ ಹೋದ ಮೇಲೆ ನೆಂಟರ ಮುಂದೆಲ್ಲ ಹೇಳಿದರಂತೆ: "ನಮ್ಮಳಿಯಂದ್ರು ನೀರ ಗಟ್ಟಿ ಮಾಡಾಕೋದ್ರು ಕಣವ್ವ, ತಾವೇ ಕರಗೋದ್ರು." ಇಷ್ಟು ವರ್ಷ ಪಾಠ ಹೇಳಿದ್ದೇನೆ, ನನ್ನ ಯಾವ ಪ್ರಯೋಗದ ಫಲಿತಾಂಶವನ್ನೂ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ.