ಹುಟ್ಟು ಮಣ್ಣು, ತಂದ ಮಣ್ಣು

ಬಚ್ಚಲುಮನೆಯನ್ನು ಮನೆಯ ಮುಂದೆ, ಬಸ್ಸು ಓಡಾಡುವ ರಸ್ತೆಯ ಪಕ್ಕದಲ್ಲೇ ಕಟ್ಟಿಸಿಕೊಂಡ ಮನುಷ್ಯ ಸಂಸೆಯ ಸುತ್ತಮುತ್ತ ನಾನೊಬ್ಬನೇ ಇರಬೇಕು. ಬೆಳಿಗ್ಗೆ ಒಲೆಯ ಹೊಗೆ ಕಂಡೊಡನೆ ಕಂಡಕ್ಟರ್ ಬಸ್ಸಿನ ಬಾಗಿಲಲ್ಲಿ ನಿಂತು, “ಸಾರ್ ನೀರು ಕಾದಿದೆ, ರೈಟ್!” ಎಂದು ಕೂಗುತ್ತಾನೆ. ಕೂಗಲಿ. ನಾನು ಒಳಗಿನಿಂದಲೇ ಚೊಂಬು ಬಡಿದು ಉತ್ತರ ಕೊಡುತ್ತೇನೆ. ಈ ಬಚ್ಚಲನ್ನು ಇಲ್ಲಿಂದ ಒಂದಡಿಯೂ ಸರಿಸುವವನಲ್ಲ.

ಮೊದಲು ಅದು ಎಲ್ಲರ ಮನೆಯಂತೆ ಹಿತ್ತಿಲಲ್ಲೇ ಇತ್ತು. ಅದರ ಬೆನ್ನಿಗೆ ಗುಡ್ಡ ಕಡಿದ ಮಣ್ಣಿನ ಗೋಡೆ, ಎರಡಾಳೆತ್ತರದ ದರೆ; ದರೆಯ ಮೇಲೆ ಕಾಫಿ ಒಣಗಿಸುವ ಕಣ. ಕಾಲೇಜಿನಲ್ಲಿ ಮೂರು ವರ್ಷ ಭೂಗರ್ಭಶಾಸ್ತ್ರ ಓದಿದ್ದ ನನಗೆ ಆ ವಿದ್ಯೆಯನ್ನು ತೋರಿಸಲು ಇಡೀ ಊರಿನಲ್ಲಿ ಒಬ್ಬ ಗಿರಾಕಿಯೂ ಸಿಕ್ಕಿರಲಿಲ್ಲ. ಹೆಂಡತಿಯ ಅಣ್ಣ, ಆಲ್ದೂರಿನ ಭಾವ, ಮಳೆ ಬಿಟ್ಟು ಹೊಳವಾದ ಒಂದು ದಿನ ಬಂದು ಕೈಗೆ ಸಿಕ್ಕಿದರು. ಅಡುಗೆಮನೆಯ ಚಾಕುವಿನಿಂದ ದರೆಯನ್ನು ನುಣ್ಣಗೆ ಕೆರೆದು ಪಾಠ ಶುರು ಮಾಡಿದೆ. ಮೇಲೆ, ಎಲೆ ಕೊಳೆತು ಆದ ಕಪ್ಪು ಮಣ್ಣು. ಅದರ ಕೆಳಗೆ, ಮಳೆನೀರು ಇಳಿಸಿಕೊಂಡು ಬಂದ ಜಿಗುಟು ಸೇರಿ ಆದ ಕೆಂಪು. ತಳದಲ್ಲಿ, ಮಣ್ಣಾಗಲು ಇನ್ನೂ ಮನಸ್ಸು ಮಾಡದ ಅರೆಕೊಳೆತ ಬಂಡೆ. ಆದರೆ ನಮ್ಮ ದರೆಯಲ್ಲಿ ಕೆಂಪಿನ ಕೆಳಗೆ ಮತ್ತೊಂದು ಕಪ್ಪು ಗೆರೆ ಕಾಣಿಸಿತು! “ಭಾವ, ಇದು ಸಾವಿರಾರು ವರ್ಷಗಳ ಹಿಂದೆ ಹೂತುಹೋದ ಕಾಡಿನ ನೆಲ” ಎಂದೆ. ನನ್ನ ದನಿ ನನಗೇ ಗಂಭೀರವಾಗಿ ಕೇಳಿಸಿತು.

ತೋಟದ ಮೇಸ್ತ್ರಿ ಕೆಂಚಪ್ಪ ಹಾರೆ ಹಿಡಿದು ಅಲ್ಲೇ ಹೋಗುತ್ತಿದ್ದವನು ನಿಂತ. “ಅಯ್ಯಾ, ಆ ಗೆರೆ ಮೇಲಿರೋದು ಹುಟ್ಟು ಮಣ್ಣಲ್ಲ, ತಂದ ಮಣ್ಣು. ನಿಮ್ಮ ತಂದೆ ದೊಡ್ಡಯ್ಯನೋರು ಕಣ ಮಟ್ಟ ಮಾಡ್ಸುವಾಗ ಮೇಲಿಂದ ತಳ್ಳಿದ್ದು ನಾವೇ. ಹಳೇ ನೆಲದ ಮೇಲೆ ಸುಮ್ನೆ ಕೂತದೆ, ಅಂಟಿಕೊಂಡಿಲ್ಲ. ಹಾರೆ ಹಾಕಿದ್ರೆ ಹುಟ್ಟು ಮಣ್ಣು ಠಣ್ ಅಂತದೆ, ಇದು ಬುಸ್ ಅಂತದೆ. ಬುಡ ಕೆರೀಬೇಡಿ, ಈಚೆ ಬನ್ನಿ.”

ಡಿಗ್ರಿಗೇ ಅವಮಾನವಾದಂತಾಯಿತು. ಇನ್ನೂ ಜೋರಾಗಿ ಕೆರೆದೆ. ನನ್ನ ಸಾವಿರಾರು ವರ್ಷದ ಕಪ್ಪು ಪದರದಿಂದ ಒಂದು ಹವಾಯಿ ಚಪ್ಪಲಿ ಹೊರಬಂತು.

“ಅದು ನಂದೇ ಅಯ್ಯಾ, ಅವತ್ತು ಕಳ್ಕೊಂಡಿದ್ದು” ಎಂದ ಕೆಂಚಪ್ಪ.

“ಕಾಡುಮನುಷ್ಯರೂ ಹವಾಯಿ ಹಾಕ್ತಿದ್ರಾ ಮಾರಾಯ?” ಭಾವ ಹೊಟ್ಟೆ ಹಿಡಿದು ನಗತೊಡಗಿದರು. ಅಷ್ಟರಲ್ಲಿ ಆ ಕಪ್ಪು ಗೆರೆಯ ಉದ್ದಕ್ಕೂ ನೀರು ಜಿನುಗಿತು. ಕೆಂಚಪ್ಪ ನನ್ನ ಪಂಚೆ ಹಿಡಿದು ಎಳೆದ. ಪಂಚೆ ಅವನ ಕೈಗೆ ಹೋಯಿತು, ಅದರ ಹಿಂದೆ ನಾನೂ ಹೋದೆ. ದರೆ ‘ಬುಸ್’ ಎಂದು ಕುಸಿಯಿತು. ಕಣ್ಣು ಬಿಟ್ಟಾಗ ಬಚ್ಚಲಿಲ್ಲ, ಹಂಡೆಯಿಲ್ಲ. ಅಂಗಳದಲ್ಲಿ ಹೆಂಡತಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದಳು. ಅವಳು ಆ ಬಚ್ಚಲಿನಿಂದ ಹೊರಬಂದು ಹತ್ತು ನಿಮಿಷವೂ ಆಗಿರಲಿಲ್ಲ.

ಆ ಹತ್ತು ನಿಮಿಷವನ್ನು ನಾನು ಇವತ್ತಿಗೂ ಹಿಂದೆ ಮುಂದೆ ಸರಿಸಿ ನೋಡುತ್ತಿರುತ್ತೇನೆ. ಕುಕ್ಕರ್ ಬುಸ್ಸೆಂದರೆ ಎದ್ದು ಅಂಗಳಕ್ಕೆ ಓಡುತ್ತೇನೆ. ದರೆ ಕುಸಿದ ಮರುವಾರವೇ ನಾನು ಬಚ್ಚಲಿಗೆ ರಸ್ತೆ ಪಕ್ಕದ ಜಾಗ ತೋರಿಸಿದಾಗ ಭಾವ, “ಬೀಳೋದು ಬಿದ್ದಾಯ್ತಲ್ಲ, ಅಲ್ಲೇ ಕಟ್ಟು. ಬಚ್ಚಲು ಯಾರಾದ್ರೂ ಮನೆ ಮುಂದೆ ಕಟ್ತಾರಾ? ಹೆದರುಪುಕ್ಕಲ!” ಎಂದರು. “ಹೌದು, ಹೆದರುಪುಕ್ಕಲನೇ. ಉಳಿದಿರೋದೂ ತಂದ ಮಣ್ಣೇ. ನಿಮ್ಮ ತಂಗಿಯನ್ನ ಮತ್ತೆ ಅದರ ಬುಡಕ್ಕೆ ಕಳಿಸೋದಿಲ್ಲ” ಎಂದೆ. ಬಾಗಿಲು ಮನೆಯ ಕಡೆಗಿದ್ದರೆ ಸರಿ ಎಂದು ಅವಳೂ ಒಪ್ಪಿದಳು. ಊರು ನಗುತ್ತಿದ್ದಂತೆಯೇ ಕಟ್ಟಿಸಿದೆ.

ಮೊನ್ನೆ ಎಣ್ಣೆಸ್ನಾನದ ದಿನ ಅವಳು ನನ್ನ ಕತ್ತು ಉಜ್ಜುತ್ತಾ ಕೈ ನಿಲ್ಲಿಸಿದಳು. “ರೀ, ಇಲ್ಲಿ ಮೂರು ಪದರ ಇದೆ. ಓದಿದವರು ನೀವು, ಹೇಳಿ. ಹುಟ್ಟು ಮಣ್ಣೋ, ತಂದ ಮಣ್ಣೋ?”

ಕಾಲೇಜಿನ ಮೂರೂ ವರ್ಷಗಳನ್ನು ಒಮ್ಮೆ ನೆನೆದುಕೊಂಡೆ.

“ತಡಿ,” ಎಂದೆ, “ಕೆಂಚಪ್ಪನನ್ನ ಕೇಳಿ ಹೇಳ್ತೀನಿ.”